ಓದುಗರ ಪ್ರಶ್ನೆ: ಊರ ದಾನಿಗಳ ನೆರವಿನಲ್ಲಿ ಉಚಿತ ಪರಿಸರ ಶಿಬಿರ

ಯುವಕ ಸಂಘ, ಶಾಲೆ, ಬಡಾವಣೆಯ ಸಮಿತಿಗಳು ನಡೆಸುವ ಉಚಿತ ಪರಿಸರ ಕಾರ್ಯಕ್ರಮಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳಿದ್ದಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉತ್ತರಿಸಿದ್ದೇವೆ.

ಜೂನ್ 5ರಂದು ನೂರು ಜನರಿಗೆ ಒಂದು ದಿನದ ಉಚಿತ ಶಿಬಿರ ಮಾಡಿ, ಕೊನೆಯಲ್ಲಿ ಗಿಡ ನೆಡಿಸಬೇಕೆಂದಿದ್ದೇವೆ. ಅಂಗಡಿಯವರ ಹತ್ತಿರ ಎಷ್ಟು ಹಣ ಕೇಳಬಹುದು? ಹೇಗೆ ಕೇಳಬೇಕು? — ಓದುಗರು, ಹಿರಿಯೂರು

ಹಣ ಕೇಳುವ ಮೊದಲು ಸಾಮಾನಿನ ಪಟ್ಟಿ ಬರೆಯಿರಿ. ‘ಪರಿಸರ ಕಾರ್ಯಕ್ರಮಕ್ಕೆ ಏನಾದರೂ ಕೊಡಿ’ ಎಂದರೆ ಐನೂರರ ನೋಟು ಸಿಗುತ್ತದೆ. ಅಂಥ ನೋಟುಗಳೆಲ್ಲ ಸೇರಿ ಶಾಲು, ಹಾರ, ಸ್ಮರಣಿಕೆ, ಫ್ಲೆಕ್ಸುಗಳಿಗೆ ಕರಗಿಹೋಗುತ್ತವೆ. ಅದರ ಬದಲು ಹಾರ್ಡ್‌ವೇರ್ ಅಂಗಡಿಯವರಿಗೆ ‘ಮುಚ್ಚಳವಿರುವ 20 ಲೀಟರಿನ ಬಕೆಟ್ ಮೂರು, ಟಬ್ ನಾಲ್ಕು, ಮಣ್ಣಿನ ಜರಡಿ ಎರಡು’ ಎಂದು ಚೀಟಿ ಕೊಡಿ. ಹೋಟೆಲಿನವರಿಗೆ ನೂರಹತ್ತು ಜನರ ಚಿತ್ರಾನ್ನ, ಮೊಸರನ್ನ ಎಂದು ಹೇಳಿ. ಕಲ್ಯಾಣ ಮಂಟಪದವರಲ್ಲಿ 120 ಸ್ಟೀಲ್ ತಟ್ಟೆ, 120 ಲೋಟ ಕೇಳಿ. ಸಾಮಾನು ಕೊಡುವವರಿಗೆ ತಾವು ಕೊಟ್ಟದ್ದು ಎಲ್ಲಿ ಹೋಯಿತೆಂದು ಕಣ್ಣಿಗೆ ಕಾಣುತ್ತದೆ, ಮುಂದಿನ ವರ್ಷ ಕೇಳದೆಯೇ ಕೊಡುತ್ತಾರೆ. ನಗದು ಬೇಕಾಗುವುದು ಕಲಿಸಲು ಬರುವವರ ಪ್ರಯಾಣ ಮತ್ತು ಗೌರವಧನ, ಸಾಗಾಟ, ಮೈಕು, ಇಷ್ಟಕ್ಕೇ. ಪ್ರತಿ ರೂಪಾಯಿಗೂ ರಸೀದಿ ಹರಿಯಿರಿ. ಕಾರ್ಯಕ್ರಮ ಮುಗಿದ ವಾರದೊಳಗೆ ಜಮಾಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟವರಿಗೆಲ್ಲ ಮುಟ್ಟಿಸಿ.

ನೀರಿನ ಲೆಕ್ಕ ತಪ್ಪುವವರೇ ಹೆಚ್ಚು. ನೂರು ಜನರಿಗೆ ಕುಡಿಯಲು 200 ಲೀಟರ್, ಕೈ ಮತ್ತು ತಟ್ಟೆ ತೊಳೆಯಲು 300–400 ಲೀಟರ್ ಹಿಡಿಯಿರಿ. ಕುಡಿಯುವ ನೀರು ಮಧ್ಯಾಹ್ನಕ್ಕೆ ಖಾಲಿಯಾದರೆ ಯಾರೋ ಓಡಿಹೋಗಿ ಪ್ಲಾಸ್ಟಿಕ್ ಬಾಟಲಿಯ ಪೆಟ್ಟಿಗೆ ಹೊತ್ತು ತರುತ್ತಾರೆ. ಬೆಳಗ್ಗೆಯಿಂದ ಹೇಳಿದ ಪಾಠ ಅಲ್ಲಿಗೆ ಮುಗಿಯಿತು. ತಟ್ಟೆ ತೊಳೆಯಲು ಮೂರು ಟಬ್ ಸಾಲಾಗಿಡಿ: ಮೊದಲನೆಯದು ಎಂಜಲು ತೆಗೆಯಲು, ಎರಡನೆಯದು ಸೋಪಿಗೆ, ಮೂರನೆಯದು ಶುದ್ಧ ನೀರಿಗೆ. ಮೂರನೆಯ ಟಬ್ಬಿನ ನೀರನ್ನು ಪ್ರತಿ ಮೂವತ್ತು ತಟ್ಟೆಗೊಮ್ಮೆ ಬದಲಿಸಬೇಕು. ಬೆಂಗಳೂರಿನಲ್ಲಿ ಅದಮ್ಯ ಚೇತನದವರು ನಡೆಸುವ ತಟ್ಟೆ ಬ್ಯಾಂಕಿನಂಥದ್ದನ್ನು ನಿಮ್ಮ ಸಂಘವೂ ಶುರುಮಾಡಬಹುದು. ದಾನಿಗಳೊಬ್ಬರು ಒಮ್ಮೆ ತಟ್ಟೆ ಕೊಡಿಸಿದರೆ ಊರಿನ ನಾಮಕರಣ, ಆರತಿಗಳಿಗೂ ಒದಗುತ್ತವೆ.

ಇನ್ನು ದಿನಾಂಕ. ಜೂನ್ 5 ವಿಶ್ವ ಪರಿಸರ ದಿನವೇ ಸರಿ, 1973ರಿಂದ ಆಚರಣೆಯಲ್ಲಿದೆ. ಆದರೆ ಆ ದಿನ ಅರಣ್ಯ ಇಲಾಖೆಯವರು, ಮೇಷ್ಟ್ರುಗಳು, ವಿಷಯ ಬಲ್ಲವರು ಯಾರೂ ಕೈಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಹಿರಿಯೂರಿನ ಕಡೆ ಗಟ್ಟಿ ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಜೂನ್ 5ಕ್ಕೆ ನೆಟ್ಟ ಗಿಡ ಜುಲೈ, ಆಗಸ್ಟಿನ ಗಾಳಿಗೆ ಒಣಗಿ ನಿಲ್ಲುತ್ತದೆ. ಜೂನಿನಲ್ಲಿ ಕಸ, ಗೊಬ್ಬರ, ನೀರಿನ ವಿಷಯ ಇಟ್ಟುಕೊಳ್ಳಿ. ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಗಿಡ ನೆಡುವುದನ್ನು ಸೆಪ್ಟೆಂಬರಿನ ಮೊದಲ ಹದ ಮಳೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಪ್ರತಿ ಗಿಡಕ್ಕೂ ಬೇಲಿ, ಮತ್ತು ಎರಡು ಬೇಸಿಗೆ ನೀರು ಹಾಕುವ ಮನೆ ಯಾವುದೆಂದು ಗೊತ್ತಾಗಿರಲಿ. ಗೊತ್ತಾದಷ್ಟೇ ಗಿಡ ತನ್ನಿ.

ನೀರಿನ ಗುಣಮಟ್ಟದ ಶಿಬಿರಕ್ಕೆ ಆರ್‌ಒ ಫಿಲ್ಟರ್ ಮಾರುವವರೊಬ್ಬರು ಪೂರ್ತಿ ಖರ್ಚು ಕೊಡುತ್ತೇವೆ ಎನ್ನುತ್ತಾರೆ. ತಾವೇ ಪ್ರಾತ್ಯಕ್ಷಿಕೆ ತೋರಿಸುತ್ತಾರಂತೆ. ಒಪ್ಪಬಹುದೆ? — ಶಿಕ್ಷಕರು, ಪಾವಗಡ

ಹಣ ಪಡೆಯಬಹುದು, ಪ್ರಾತ್ಯಕ್ಷಿಕೆ ಬೇಡ. ಅವರು ತೋರಿಸುವುದು ಹೆಚ್ಚಾಗಿ ಹೀಗಿರುತ್ತದೆ: ಎರಡು ಗಾಜಿನ ಲೋಟ, ಒಂದರಲ್ಲಿ ನಿಮ್ಮ ಬೋರಿನ ನೀರು, ಇನ್ನೊಂದರಲ್ಲಿ ಫಿಲ್ಟರ್ ನೀರು. ಕಬ್ಬಿಣದ ಮತ್ತು ಅಲ್ಯುಮಿನಿಯಮ್ಮಿನ ಕಡ್ಡಿಗಳಿರುವ ಸಾಧನವನ್ನು ಎರಡರಲ್ಲೂ ಇಳಿಸಿ ಕರೆಂಟು ಕೊಡುತ್ತಾರೆ. ಒಂದೆರಡು ನಿಮಿಷದಲ್ಲಿ ಬೋರಿನ ನೀರು ಕಂದಾಗಿ, ಹಸಿರಾಗಿ, ಮೇಲೆ ಗಸಿ ಕಟ್ಟುತ್ತದೆ. ಫಿಲ್ಟರ್ ನೀರು ತಿಳಿಯಾಗಿಯೇ ಇರುತ್ತದೆ. ‘ನೋಡಿ, ನೀವು ಕುಡಿಯುವ ವಿಷ’ ಎಂಬ ಮಾತು ಕೇಳಿ ತಾಯಂದಿರು ಬೆಚ್ಚುತ್ತಾರೆ. ನಿಜವಾಗಿ ಆ ಬಣ್ಣ ಬಂದದ್ದು ಕರಗಿದ ಕಬ್ಬಿಣದ ಕಡ್ಡಿಯಿಂದ. ಬೋರಿನ ನೀರಿನಲ್ಲಿ ಲವಣ ಇರುವುದರಿಂದ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ. ಫಿಲ್ಟರ್ ನೀರಿನಲ್ಲಿ ಲವಣ ಇಲ್ಲದಷ್ಟು ಕಡಿಮೆ, ಹಾಗಾಗಿ ಏನೂ ಆಗುವುದಿಲ್ಲ. ಆ ಫಿಲ್ಟರ್ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಕರೆಂಟು ಕೊಡಲು ಹೇಳಿ, ಅದೂ ಕಂದಾಗುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಬೇರೆ ಬೇಕಿಲ್ಲ. ಆದರೆ ಮನೆಯ ಕರೆಂಟಿನ ಸಾಧನವಾದ್ದರಿಂದ ಯಾರೂ ಕೈ ತಾಗಿಸದಂತೆ ದೂರ ನಿಲ್ಲಿಸಿ.

ಹಾಗೆಂದು ಪಾವಗಡದಂಥ ಕಡೆ ಫಿಲ್ಟರೇ ಬೇಡ ಎನ್ನುವ ಅರ್ಥವಲ್ಲ. ನಿಮ್ಮಲ್ಲಿನ ಸಮಸ್ಯೆ ಫ್ಲೋರೈಡ್. ಅದಕ್ಕೆ ಬಣ್ಣ, ವಾಸನೆ, ರುಚಿ ಏನೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಅಳೆಯುವ ಮೀಟರು ಅದನ್ನು ತೋರಿಸುವುದೂ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಿತ, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಸಹ್ಯ. ಟಿಡಿಎಸ್‌ಗೆ ಈ ಎರಡು ಅಂಕಿ 500 ಮತ್ತು 2000. ಟಿಡಿಎಸ್ 400 ಇರುವ ನೀರಿನಲ್ಲೂ ಫ್ಲೋರೈಡ್ 2 ಇರಬಹುದು. ‘ಮೀಟರಿನಲ್ಲಿ ಕಡಿಮೆ ಬಂತು, ನೀರು ಚೆನ್ನಾಗಿದೆ’ ಎಂದು ಜನ ನಿಶ್ಚಿಂತರಾಗಿ ಮನೆಗೆ ಹೋಗುವುದು ಇಂಥ ಶಿಬಿರಗಳಲ್ಲಿ ಆಗುವ ದೊಡ್ಡ ಹಾನಿ.

ಜಲಜೀವನ್ ಮಿಷನ್ನಿನಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಹಳ್ಳಿಗೆ ಐವರು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆಯೂ ಇದೆ. ಪಿಡಿಒ ಅವರನ್ನು ಕೇಳಿ ಆ ಮಹಿಳೆಯರನ್ನೇ ಶಿಬಿರಕ್ಕೆ ಕರೆಸಿ. ಮಾದರಿ ತರುವವರಿಗೆ ಮೊದಲೇ ತಿಳಿಸಿ: ಬೋರು ಚಾಲೂ ಮಾಡಿ ಐದು ನಿಮಿಷ ನೀರು ಬಿಡಬೇಕು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ತುಂಬಬೇಕು, ಮೇಲೆ ಜಾಗ, ದಿನಾಂಕ ಬರೆಯಬೇಕು. ಫಲಿತಾಂಶವನ್ನು ಮೈಕಿನಲ್ಲಿ ಕೂಗಬೇಡಿ, ಚೀಟಿಯಲ್ಲಿ ಬರೆದು ಆಯಾ ಮನೆಯವರಿಗೆ ಕೊಡಿ. ಫ್ಲೋರೈಡ್ 1.5 ದಾಟಿದ ಮಾದರಿಯನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ ಖಚಿತ ಮಾಡಿಕೊಳ್ಳಿ.

ದಾನಿಗಳ ಜೊತೆ, ಅವರು ಯಾರೇ ಇರಲಿ, ಮೂರು ಸಾಲಿನ ಒಪ್ಪಂದ ಬರೆದುಕೊಳ್ಳಿ. ಹೆಸರು ಬ್ಯಾನರಿನಲ್ಲಿ ಎಲ್ಲರಿಗೂ ಒಂದೇ ಅಳತೆಯ ಅಕ್ಷರದಲ್ಲಿ. ಜಾಗದಲ್ಲಿ ಮಾರಾಟ, ಬುಕಿಂಗ್, ಫೋನ್ ನಂಬರ್ ಸಂಗ್ರಹ ಇಲ್ಲ. ಏನು ಕಲಿಸಬೇಕೆಂಬುದು ಸಂಘದ ತೀರ್ಮಾನ. ಫೋನ್ ನಂಬರಿನ ವಿಷಯ ಮರೆಯಬೇಡಿ. ಹಾಜರಾತಿ ಪುಸ್ತಕ ಅಂಗಡಿಯವರ ಕೈಗೆ ಹೋದರೆ ತಿಂಗಳಿಡೀ ಜನರಿಗೆ ಕರೆ ಬರುತ್ತದೆ, ಬೈಗುಳ ನಿಮಗೆ ಬೀಳುತ್ತದೆ.

ಕಳೆದ ವರ್ಷ ಮಕ್ಕಳಿಂದ ಐದು ಸಾವಿರ ಬೀಜದುಂಡೆ ಮಾಡಿಸಿ ಗುಡ್ಡಕ್ಕೆ ಎಸೆದೆವು. ಏನೂ ಹುಟ್ಟಿಲ್ಲ. ಎಲ್ಲಿ ತಪ್ಪಿದೆವು? — ಓದುಗರು, ಬ್ಯಾಡಗಿ

ತಪ್ಪಲು ನಾಲ್ಕು ಜಾಗಗಳಿವೆ.

ಮೊದಲನೆಯದು ಬೀಜದ ವಯಸ್ಸು. ಬೇವು, ನೇರಳೆ ಬೀಜಗಳು ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತವೆ. ಹಿಂದಿನ ವರ್ಷದ ಬೇವಿನ ಬೀಜವನ್ನು ಉಂಡೆ ಕಟ್ಟಿದರೆ ಮಣ್ಣಿನಲ್ಲಿ ಹೆಣ ಕಟ್ಟಿದಂತೆ. ಹೊಂಗೆ, ಹುಣಸೆ ತಿಂಗಳುಗಟ್ಟಲೆ ತಾಳುತ್ತವೆ. ಉಂಡೆ ಕಟ್ಟುವ ಹತ್ತು ದಿನ ಮುಂಚೆ ಪ್ರತಿ ಜಾತಿಯ 20 ಬೀಜ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ನೋಡಿ. ತಡವಾಗಿ ಮೊಳೆಯುವ ಸೀತಾಫಲದಂಥವಕ್ಕೆ ಇನ್ನೂ ಹೆಚ್ಚು ದಿನ ಕೊಡಬೇಕು. ಹತ್ತಾದರೂ ಮೊಳೆಯದಿದ್ದರೆ ಆ ಬೀಜ ಬಿಡಿ.

ಎರಡನೆಯದು ನೆನೆಸುವುದು. ಬೇಗ ಮೊಳೆಯಲಿ ಎಂದು ರಾತ್ರಿ ನೆನೆಸಿ, ಬೆಳಗ್ಗೆ ಉಂಡೆ ಕಟ್ಟಿ, ಒಣಗಿಸಿ ಎರಡು ವಾರ ಇಟ್ಟಿರುತ್ತೀರಿ. ನೀರು ಕುಡಿದು ಎಚ್ಚರಗೊಂಡ ಬೀಜ ಉಂಡೆ ಒಣಗುವಾಗ ಒಳಗೇ ಸಾಯುತ್ತದೆ. ಎಸೆಯುವ ತನಕ ಇಡುವ ಉಂಡೆಗೆ ಒಣ ಬೀಜವನ್ನೇ ಹಾಕಬೇಕು. ಕಕ್ಕೆ, ಹುಣಸೆಯಂಥ ಗಟ್ಟಿ ಸಿಪ್ಪೆಯವನ್ನು ಸಿಮೆಂಟು ನೆಲಕ್ಕೋ ಉಪ್ಪುಕಾಗದಕ್ಕೋ ಒಂದು ಬದಿ ಉಜ್ಜಿ, ಸಿಪ್ಪೆಯ ಹೊಳಪು ಹೋಗುವಷ್ಟು ಸವೆಸಿ. ಮಳೆ ಬಿದ್ದಾಗ ಅಲ್ಲಿಂದ ನೀರು ಒಳಗಿಳಿಯುತ್ತದೆ.

ಮೂರನೆಯದು ಮಣ್ಣು. ಜರಡಿ ಹಿಡಿದ ಅಂಟು ಕೆಮ್ಮಣ್ಣು ಮೂರು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಚಪಾತಿ ಹಿಟ್ಟಿನ ಹದಕ್ಕೆ ನೀರು. ಹಸಿ ಸಗಣಿ ಹಾಕಿದರೆ ಒಳಗೆ ಕಾವು ಹೆಚ್ಚಿ ಬೀಜ ಕೊಳೆಯುತ್ತದೆ, ಬೂಷ್ಟು ಬರುತ್ತದೆ. ಬರೀ ಕಪ್ಪು ಎರೆಮಣ್ಣಾದರೆ ಒಣಗುವಾಗ ಸೀಳಿಬಿಡುತ್ತದೆ. ಉಂಡೆ ದೊಡ್ಡ ಗೋಲಿಯಷ್ಟು, ಎರಡೂವರೆ ಸೆಂಟಿಮೀಟರ್. ಹೊಂಗೆಗೆ ಸ್ವಲ್ಪ ದೊಡ್ಡದಿರಲಿ. ಕಲಸಿದ ಮಣ್ಣು ಕಿಲೋಗೆ 40–60 ಉಂಡೆಯಾಗುತ್ತದೆ, ಐದು ಸಾವಿರಕ್ಕೆ ನೂರು ಕಿಲೋ ಬೇಕು. ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ಬಿರುಕಿನಿಂದ ಇರುವೆ ಬೀಜ ಹೊತ್ತೊಯ್ಯುತ್ತದೆ.

ನಾಲ್ಕನೆಯದು ಎಸೆದ ಜಾಗ, ಇದು ಎಲ್ಲಕ್ಕಿಂತ ದೊಡ್ಡದು. ಕುರಿ, ಮೇಕೆ ಮೇಯುವ ಬಯಲಿನಲ್ಲಿ ಮೊಳೆತದ್ದು ಎರಡೆಲೆಗೇ ಮುಗಿಯುತ್ತದೆ. ಇನ್ನು ನೀವು ಬೋಳುಗುಡ್ಡ ಅಂದುಕೊಂಡದ್ದು ನಿಜವಾದ ಹುಲ್ಲುಗಾವಲಾಗಿದ್ದರೆ ಅಲ್ಲಿ ಮರ ಬೆಳೆಸುವುದೇ ತಪ್ಪು. ನಿಮ್ಮ ಪಕ್ಕದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ನೆಡುತೋಪು ಹುಲ್ಲಿನ ಬಯಲನ್ನು ನುಂಗಿದ್ದನ್ನು ಮಕ್ಕಳಿಗೆ ಕರೆದೊಯ್ದು ತೋರಿಸಿ. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಓಡಾಡುತ್ತಿದ್ದ ನೆಲ ಅದು. ಅರಣ್ಯದ ಜಾಗವಾದರೆ ವಲಯ ಅರಣ್ಯಾಧಿಕಾರಿಗಳ ಒಪ್ಪಿಗೆ ಬೇಕೇ ಬೇಕು.

ಎಲ್ಲ ಸರಿ ಮಾಡಿದರೂ ನೂರಕ್ಕೆ ಬೆರಳೆಣಿಕೆಯಷ್ಟು ಮಾತ್ರ ಉಳಿಯುತ್ತವೆ. ಐದು ಸಾವಿರ, ಲಕ್ಷ ಎಂಬ ಸಂಖ್ಯೆಯ ಹಿಂದೆ ಬೀಳುವ ದಾನಿಗಳಿಗೆ ಇದನ್ನು ಮೊದಲೇ ಹೇಳಿ. ಕಲಿಕೆಯೇ ಉದ್ದೇಶವಾದರೆ ಮಗುವಿಗೆ ಹತ್ತು ಉಂಡೆ ಸಾಕು: ಐದು ಬೇಲಿಯೊಳಗಿನ ಜಾಗಕ್ಕೆ, ಐದು ಶಾಲೆಯ ಟ್ರೇಗೆ. ಯಾವುದು ಯಾವಾಗ ಮೊಳೆಯಿತೆಂದು ವಾರವಾರ ಬರೆದಿಟ್ಟರೆ ಮುಂದಿನ ವರ್ಷದ ಬೀಜ ಯಾವುದೆಂದು ಅದೇ ಹೇಳುತ್ತದೆ.

ಮಣ್ಣಿನ ಗಣಪತಿ ಮಾಡಲು ಕಲಿಸುವ ಶಿಬಿರದಲ್ಲಿ ಐವತ್ತು ಮಕ್ಕಳ ಪೈಕಿ ಅರ್ಧದಷ್ಟು ಜನರ ಗಣಪತಿಗೆ ಸೊಂಡಿಲು ಬಿತ್ತು, ಕೈ ಬಿತ್ತು. ಪಾಪ, ಅತ್ತುಬಿಟ್ಟರು. ಏನು ಮಾಡಬೇಕು? — ಓದುಗರು, ನಂಜನಗೂಡು

ಮಣ್ಣಿನ ಹದ ಮತ್ತು ಜೋಡಣೆ ಎರಡರಲ್ಲೂ ಅವಸರವಾಗಿದೆ. ಆರು ಅಂಗುಲದ ಗಣಪತಿಗೆ ಹದ ಮಾಡಿದ ಮಣ್ಣು ಒಂದು ಕಿಲೋ ಬೇಕು. ಐವತ್ತು ಮಕ್ಕಳಿಗೆ 60 ಕಿಲೋ ತರಿಸಿ. ಕುಂಬಾರರಿಂದ ಹದ ಮಾಡಿದ ಮಣ್ಣೇ ಸಿಕ್ಕರೆ ಅದಕ್ಕೇ ದಾನಿಗಳ ಹಣ ಕೊಡಿ. ಊರಿನ ಕುಂಬಾರರನ್ನೇ ಗುರುವಾಗಿ ಕೂರಿಸಿ, ಗೌರವಧನವನ್ನೂ ಅವರಿಗೇ ಕೊಡಿ. ಚರಂಡಿ ನೀರು ಸೇರುವ ಕೆರೆಯ ಗೋಡು ಬೇಡವೇ ಬೇಡ: ಗಾಜಿನ ಚೂರಿರುತ್ತದೆ, ರೋಗಾಣುಗಳೂ ಇರುತ್ತವೆ.

ಒಣ ಹೆಂಟೆಯಾದರೆ ಪುಡಿಮಾಡಿ ಎರಡು ದಿನ ನೆನೆಸಿ, ಸೊಳ್ಳೆ ಪರದೆಯಲ್ಲಿ ಸೋಸಿ, ಗೋಣಿಯ ಮೇಲೆ ಹರವಿ ಕೈಗಂಟದಷ್ಟು ಗಟ್ಟಿಯಾಗಲು ಬಿಡಿ. ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಸೀಳಿದರೆ ನೀರು ಸಾಲದು, ಬೆರಳಿಗೆ ಮೆತ್ತಿದರೆ ನೀರು ಹೆಚ್ಚು.

ಸೊಂಡಿಲು ಅಂಟಿಸುವ ಮುನ್ನ ಎರಡೂ ಕಡೆ ಕಡ್ಡಿಯಿಂದ ಅಡ್ಡಡ್ಡ ಗೀರಬೇಕು. ಅದೇ ಮಣ್ಣನ್ನು ದೋಸೆ ಹಿಟ್ಟಿನಂತೆ ಕದಡಿ ಗೀರಿದ ಜಾಗಕ್ಕೆ ಸವರಿ, ಒತ್ತಿ, ಸಂದನ್ನು ಹೆಬ್ಬೆರಳಿನಿಂದ ತೀಡಿ ಮುಚ್ಚಬೇಕು. ನುಣ್ಣಗಿನ ಮಣ್ಣಿಗೆ ನೀರು ಸವರಿ ಅಂಟಿಸಿದ್ದು ಒಣಗಿದ ಕೂಡಲೇ ಕಳಚುತ್ತದೆ. ಕುತ್ತಿಗೆಗೆ ಹಂಚಿಕಡ್ಡಿ ಚುಚ್ಚುವ ರೂಢಿ ಬಿಡಿ. ಮಣ್ಣು ಒಣಗುತ್ತ ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಅದರ ಸುತ್ತಲೇ ಬಿರುಕು ಬರುತ್ತದೆ. ಹೊಟ್ಟೆಯ ಭಾಗ ದಪ್ಪವಿರುವುದರಿಂದ ಅಡಿಯಿಂದ ಹೆಬ್ಬೆರಳು ಹೋಗುವಷ್ಟು ಗುಳಿ ಮಾಡಿ. ಮೇಲೆ ಸಡಿಲವಾಗಿ ಪೇಪರು ಮುಚ್ಚಿ, ಫ್ಯಾನಿಲ್ಲದ ಕೋಣೆಯಲ್ಲಿ ಒಣಗಿಸಿ. ಭಾದ್ರಪದದ ಮಳೆಗಾಲದಲ್ಲಿ ವಾರ ಹಿಡಿಯುತ್ತದೆ, ಆದ್ದರಿಂದ ಶಿಬಿರ ಚೌತಿಗೆ ಹತ್ತು ದಿನ ಮುಂಚೆ ಇರಲಿ. ಮನೆಗೊಯ್ಯಲು ಎಂಟಂಗುಲದ ರಟ್ಟಿನ ಚೌಕ ಬೇಕು. ಪ್ರಿಂಟಿಂಗ್ ಪ್ರೆಸ್ಸಿನವರು ಸಂತೋಷದಿಂದ ಕೊಡುತ್ತಾರೆ.

ಹೊಟ್ಟೆಯಲ್ಲಿ ಬೀಜ ಇಡುವುದು ಈಗ ಎಲ್ಲೆಡೆ ನಡೆದಿದೆ. ಒದ್ದೆ ಮಣ್ಣಿನಲ್ಲಿ ಬೀಜ ಉಬ್ಬಿ ಮೂರ್ತಿಯನ್ನೇ ಸೀಳುತ್ತದೆ. ಬೀಜವನ್ನು ಬೇರೆ ಪೊಟ್ಟಣದಲ್ಲಿ ಕೊಟ್ಟರೆ ಸಾಕು. ಬಣ್ಣಕ್ಕೆ ಅರಿಸಿನ, ಕೆಮ್ಮಣ್ಣು. ವಿಸರ್ಜನೆ ಬಕೆಟ್ಟಿನಲ್ಲಾದರೆ ಮೂರ್ತಿ ಪೂರ್ತಿ ಒಣಗಿರಬೇಕು: ಒಣಮಣ್ಣು ನೀರಿನಲ್ಲಿ ಗುಳ್ಳೆ ಬಿಡುತ್ತ ಬೇಗ ಕುಸಿಯುತ್ತದೆ, ಅರೆಹಸಿಯದು ಮುದ್ದೆಯಾಗಿ ಕೂರುತ್ತದೆ. ಕರಗಿದ ಮಣ್ಣನ್ನು ಹೂಕುಂಡಕ್ಕೆ ಸುರಿಯಬೇಡಿ, ಮೇಲ್ಮೈ ಗಾರೆಯಂತಾಗಿ ನೀರಿಳಿಯುವುದಿಲ್ಲ. ತಳದ ಮಣ್ಣು ಒಣಗಿಸಿ ಮುಂದಿನ ವರ್ಷಕ್ಕೆ ಎತ್ತಿಡಿ.

ಬಟ್ಟೆ ಬ್ಯಾನರ್ ಎಂದು ಪ್ರೆಸ್ಸಿನವರು ಕೊಡುವುದು ನಿಜಕ್ಕೂ ಬಟ್ಟೆಯೆ? ಅನುಮತಿ ಯಾವುದಕ್ಕೆ ಬೇಕು? — ಓದುಗರು, ತಿಪಟೂರು

ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದದ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ತೋರಣ, ತಟ್ಟೆ, ಲೋಟಗಳಿಗೆ ಕರ್ನಾಟಕದಲ್ಲಿ 2016ರ ಮಾರ್ಚಿನಿಂದಲೇ ನಿಷೇಧವಿದೆ. ಬ್ಯಾನರಿನ ಮೇಲೆ ದಿನಾಂಕ ಬರೆಸದೆ ಪಕ್ಕದಲ್ಲೊಂದು ಹಲಗೆಯಿಟ್ಟು ಸೀಮೆಸುಣ್ಣದಲ್ಲಿ ಬರೆದರೆ ಅದೇ ಬಟ್ಟೆ ವರ್ಷಗಟ್ಟಲೆ ಬರುತ್ತದೆ.

ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ಬೇಕು. ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ನಗರಸಭೆಗೆ ಅಥವಾ ಪಂಚಾಯಿತಿಗೆ ತಿಳಿಸಿ, ಕಸ ಬೇರ್ಪಡಿಸಿ ಕೊಡಬೇಕೆಂದು ಘನತ್ಯಾಜ್ಯ ನಿಯಮಗಳು ಹೇಳಿವೆ. ಮಕ್ಕಳನ್ನು ಶಾಲೆಯ ಹೊರಗೆ ಕರೆದೊಯ್ಯುವುದಾದರೆ ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ.

ಎರಡು ಗಂಟೆಯಲ್ಲಿ ಗೊಬ್ಬರ ಮಾಡುವುದನ್ನು ಹೇಗೆ ತೋರಿಸುವುದು? ಗೊಬ್ಬರವಾಗಲು ಎರಡು ತಿಂಗಳು ಬೇಕಲ್ಲ! — ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು

ಎರಡು ತಿಂಗಳು ಮುಂಚೆಯೇ ಶುರುಮಾಡಿ. ಒಂದು ಬಕೆಟ್ 60 ದಿನದ್ದು, ಒಂದು 20 ದಿನದ್ದು, ಇನ್ನೊಂದನ್ನು ಅಂದೇ ಜನರ ಕೈಯಿಂದ ತುಂಬಿಸಿ. ತಳದಲ್ಲಿ, ಬದಿಯಲ್ಲಿ ತೂತುಗಳಿರಲಿ. ಅಡಿಯಲ್ಲಿ ಎರಡಂಗುಲ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ಒಂದು ಬಟ್ಟಲು ಹಸಿ ಕಸಕ್ಕೆ ಒಂದರಿಂದ ಎರಡು ಬಟ್ಟಲು ಒಣ ಎಲೆ, ಮೇಲೊಂದು ಹಿಡಿ ಹಳೆಯ ಗೊಬ್ಬರ ಅಥವಾ ಎರಡು ಚಮಚ ಹುಳಿ ಮಜ್ಜಿಗೆ. ಸಿಪ್ಪೆಗಳನ್ನು ಅಂಗುಲದಷ್ಟು ಚಿಕ್ಕದಾಗಿ ಹೆಚ್ಚಿಸಿ. ಮೂರು ದಿನಕ್ಕೊಮ್ಮೆ ಕೆದಕಬೇಕು.

ಕೆಟ್ಟ ಬಕೆಟ್ಟನ್ನೂ ಒಂದು ತನ್ನಿ. ಜನ ಕೈಬಿಡುವುದು ವಾಸನೆಗೆ ಹೆದರಿ, ಹಾಗಾಗಿ ಅದನ್ನು ಅಲ್ಲೇ ಸರಿಪಡಿಸಿ ತೋರಿಸಬೇಕು. ಕೊಳೆತ ಮೊಟ್ಟೆಯ ವಾಸನೆ ಎಂದರೆ ನೀರು ಹೆಚ್ಚಾಗಿ ಗಾಳಿಯಿಲ್ಲ: ಒಣ ಎಲೆ ಹಾಕಿ ಕೆದಕಿ. ಮೂಗಿಗೆ ಘಾಟು ಹೊಡೆದರೆ ಹಸಿ ಕಸ ಅತಿಯಾಗಿದೆ, ಅದಕ್ಕೂ ಒಣ ಎಲೆಯೇ ಮದ್ದು. ಹಾಗೇ ಒಣಗಿ ನಿಂತಿದ್ದರೆ ನೀರು ಚಿಮುಕಿಸಿ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ಬಂದರೆ ಹದ ಸರಿಯಿದೆ. ಬಿಳಿ ಹುಳ ಕಂಡರೆ ಗಾಬರಿ ಬೇಡ, ಅವೂ ಗೊಬ್ಬರ ಮಾಡುವವೇ. ಮೇಲೊಂದು ಪದರ ಒಣ ಎಲೆ ಹೊದಿಸಿ.

ಕೈಗಾರಿಕಾ ಪ್ರದೇಶದ ಕಂಪನಿಗಳಿಂದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣ ಪಡೆಯಬಹುದೆ? — ಓದುಗರು, ದೊಡ್ಡಬಳ್ಳಾಪುರ

ನಿಮ್ಮ ಸಂಸ್ಥೆ ನೋಂದಾಯಿತವಾಗಿದ್ದು, ಆದಾಯ ತೆರಿಗೆಯ ನೋಂದಣಿಗಳಿದ್ದು, ಸಿಎಸ್‌ಆರ್-1 ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿದ್ದರೆ ಪಡೆಯಬಹುದು. 2021ರ ಏಪ್ರಿಲ್ 1ರಿಂದ ಆ ಸಂಖ್ಯೆ ಕಡ್ಡಾಯ. ಕಂಪನಿ ತನ್ನ ಸರಕಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜನೆ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಒಂದು ದಿನದ ಶಿಬಿರಕ್ಕೆ ಇಷ್ಟೆಲ್ಲ ಓಡಾಟ ಬೇಡ. ಆಸುಪಾಸಿನ ಅಂಗಡಿ, ಸಹಕಾರ ಸಂಘ, ಹಾಲಿನ ಡೇರಿ ಸಾಕು.

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಮಕ್ಕಳಿಗೆ ಹಕ್ಕಿ ತೋರಿಸುವ ಬೆಳಗು ಏರ್ಪಡಿಸುತ್ತಿದ್ದೇವೆ. ಬಟ್ಟೆ ಅಂಗಡಿಯವರು ನೂರು ಟೀ ಶರ್ಟ್ ಕೊಡುತ್ತಾರಂತೆ. ಬೇರೆ ಏನು ಸಿದ್ಧತೆ ಬೇಕು? — ಶಿಕ್ಷಕಿ, ಲಕ್ಷ್ಮೇಶ್ವರ

ಟೀ ಶರ್ಟ್ ಬಿಳಿಯದೋ ಹಳದಿಯದೋ ಆದರೆ ಹಕ್ಕಿಗಳು ನೂರು ಮೀಟರ್ ದೂರದಿಂದಲೇ ಏಳುತ್ತವೆ. ಅದೇ ಹಣದಲ್ಲಿ 8x42 ಅಳತೆಯ ಬೈನಾಕ್ಯುಲರ್ ಕೊಡಿಸಲು ಕೇಳಿ. ಮೂರು ಮಕ್ಕಳಿಗೆ ಒಂದಿದ್ದರೆ ಸರಿಹೋಗುತ್ತದೆ, ಶಾಲೆಯಲ್ಲೇ ಉಳಿಯುತ್ತದೆ. ನೂರು ಮಕ್ಕಳನ್ನು ಒಟ್ಟಿಗೆ ಒಯ್ಯಬೇಡಿ. ಹಕ್ಕಿ ಬಲ್ಲ ಒಬ್ಬರಿಗೆ 12ರಿಂದ 15 ಮಕ್ಕಳು, ಹೆಚ್ಚೆಂದರೆ ಎರಡು ಗುಂಪು. ಉಳಿದವರಿಗೆ ಮುಂದಿನ ಭಾನುವಾರಗಳು.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಪಟ್ಟೆತಲೆ ಹೆಬ್ಬಾತುಗಳು ಆಗ ಅಲ್ಲಿರುತ್ತವೆ. ಅವು ಹಿಮಾಲಯ ದಾಟಿ ಬಂದ ಅತಿಥಿಗಳು, ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು ಎಂಬುದನ್ನು ಹಿಂದಿನ ದಿನ ತರಗತಿಯಲ್ಲೇ ಹೇಳಿ ಮುಗಿಸಿ. ಕೆರೆಯ ಹತ್ತಿರ ಭಾಷಣ ಬೇಡ. ಬೆಳಗ್ಗೆ ಆರೂವರೆಗೆ ಅಲ್ಲಿರಿ. ಕೆರೆಯ ಪೂರ್ವ ದಡದಲ್ಲಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ, ಬಣ್ಣಗಳು ಕಾಣುತ್ತವೆ. ಎದುರು ದಡದಿಂದ ನೋಡಿದರೆ ಎಲ್ಲವೂ ಕಪ್ಪು ಆಕೃತಿ. ಗುಳುಮುಳುಕ, ನೀರುಕಾಗೆ, ನಾಮದ ಕೋಳಿ, ಟಿಟ್ಟಿಭ, ಮಿಂಚುಳ್ಳಿ ಎಂದು ಕನ್ನಡದ ಹೆಸರುಗಳಿರುವ ಒಂದು ಪುಟದ ಪಟ್ಟಿ ಮಾಡಿ ಪ್ರತಿ ಮಗುವಿಗೂ ಪೆನ್ಸಿಲ್ ಜೊತೆ ಕೊಡಿ. ಒಂದೇ ಜಾಗದಲ್ಲಿ 15 ನಿಮಿಷ ಮಾತಿಲ್ಲದೆ ನಿಂತು ಎಣಿಸಲಿ. ಫೆಬ್ರವರಿ ಮಧ್ಯದಲ್ಲಿ ನಡೆಯುವ ನಾಲ್ಕು ದಿನದ ಹಿತ್ತಲ ಹಕ್ಕಿ ಗಣತಿಗೂ ಅಷ್ಟೇ ಹೊತ್ತಿನ ಪಟ್ಟಿ ಸಾಕಾಗುತ್ತದೆ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಶಾಲೆಯ ಹೆಸರಿನಲ್ಲಿ ಸೇರಿಸಬಹುದು.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು ಎರಡಕ್ಕೂ ಬೇಡ ಎನ್ನಿ, ಕೇಳುವವರು ದಾನಿಗಳೇ ಆಗಿರಲಿ. ಏರಿಯ ಮರಗಳಲ್ಲಿ ಹೆಜ್ಜೇನು ಇದೆಯೇ ಎಂದು ಹಿಂದಿನ ಸಂಜೆ ಒಬ್ಬರು ಹೋಗಿ ನೋಡಿ ಬರಲಿ, ಇದ್ದರೆ ಆ ಕಡೆಯ ದಾರಿ ಬಿಡಿ.